ಸೋರಿದ ಮೂಲೆಯ ಬೋಲ್ಟು ಹಿಗ್ಗಿರಲೇ ಇಲ್ಲ: ಒಂದು ಎಂಜಿನ್ ಓವರ್‌ಹಾಲ್‌ನ ಪ್ರಕರಣ ಅಧ್ಯಯನ

1.6 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಸಿಲಿಂಡರುಗಳಿರೋ ಬ್ಲಾಕು ಬೀಡುಕಬ್ಬಿಣದ್ದು, ಅದರ ಮೇಲೆ ಮುಚ್ಚಳದ ಹಾಗೆ ಕೂರೋ ಹೆಡ್ಡು ಅಲ್ಯೂಮಿನಿಯಂದು. ಹೆಡ್ಡನ್ನು ಹಿಡಿಯೋಕೆ ಹತ್ತು ಉದ್ದ ಬೋಲ್ಟು. ದೂರು ಎರಡು. ಕೂಲೆಂಟ್ ಮೆಲ್ಲಗೆ ಖಾಲಿಯಾಗ್ತಿದೆ, ಹಿಂದಿನ ಮೂಲೆಯಲ್ಲಿ ಹೆಡ್ ಗ್ಯಾಸ್ಕೆಟ್ (ಹೆಡ್ಡು ಬ್ಲಾಕಿನ ನಡುವೆ ಸೋರದ ಹಾಗೆ ಕೂರಿಸೋ ಹಾಳೆ) ಹತ್ತಿರ ಬಿಳಿ ಕಲೆ ಕಟ್ಟಿದೆ. ಜೊತೆಗೆ ಬಿಸಿಯಾದ ಮೇಲೆ ಕೆಳಗಿನಿಂದ ಬೇರಿಂಗ್ ಸದ್ದು. ಹಾಗಾಗಿ ಬರೀ ಗ್ಯಾಸ್ಕೆಟ್ ಬದಲಿಸಿ ಕಳಿಸೋ ಕೆಲಸ ಇದಾಗಿರಲಿಲ್ಲ, ಪೂರ್ತಿ ಎಂಜಿನ್ನೇ ಬಿಚ್ಚಬೇಕಾಗಿತ್ತು.

ಹೆಡ್ಡು ಇದಕ್ಕೂ ಮೊದಲು ಒಂದು ಸಲ ಬೇರೆ ಕಡೆ ಬಿಚ್ಚಿ ಕೂರಿಸಿದ್ದು. ಆ ಬಿಲ್ಲಿನಲ್ಲಿ ಗ್ಯಾಸ್ಕೆಟ್ ಇತ್ತು, ಹೆಡ್ ಬೋಲ್ಟು ಇರಲಿಲ್ಲ. ಕಾರಿನ ಮಾಲೀಕರಿಗೆ ಅಷ್ಟು ಸಾಕಾಗಿತ್ತು. "ಹಳೇ ಬೋಲ್ಟೇ ಹಾಕಿದ್ದಾರೆ ಅಣ್ಣ, ಅದಕ್ಕೇ ಸೋರ್ತಿದೆ. ಈ ಸಲ ಒಂದೂ ಬಿಡದೆ ಎಲ್ಲಾ ಬೋಲ್ಟೂ ಹೊಸದು ಹಾಕಿಬಿಡಿ" ಅಂದರು. ಅರ್ಧ ಸರಿ. ಉಳಿದ ಅರ್ಧ ಎಂಜಿನ್ ಬಿಚ್ಚಿದ ಮೇಲೆ ಗೊತ್ತಾಯಿತು.

ಮೊದಲು ಬೋಲ್ಟಿನ ಕೆಲಸ ಏನು ಅಂತ

ಬೋಲ್ಟು ಬಿಗಿಯಾದಾಗ ಅದು ಹಿಗ್ಗುತ್ತದೆ. ಹಿಗ್ಗಿದ್ದು ವಾಪಸ್ ಕುಗ್ಗೋಕೆ ನೋಡುತ್ತದೆ. ಆ ಎಳೆತವೇ ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯೋದು. ರೆಂಚಿನಲ್ಲಿ ನಾವು ನೋಡೋ ಟಾರ್ಕು, ಅಂದರೆ ತಿರುಗಿಸೋ ಬಲ, ಬೇರೆ, ಬೋಲ್ಟಿನೊಳಗಿನ ಎಳೆತ ಬೇರೆ. ನಾವು ಹಾಕಿದ ಟಾರ್ಕಿನಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ. ಇನ್ನು 40% ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ಹಿಗ್ಗಿಸೋಕೆ ಉಳಿಯೋದು ಹತ್ತನೇ ಒಂದು ಪಾಲು ಅಷ್ಟೇ. ಥ್ರೆಡ್ಡಿನಲ್ಲಿ ಸ್ವಲ್ಪ ತುಕ್ಕೋ ಕೊಳೆಯೋ ಇದ್ದರೂ ಆ ಹತ್ತನೇ ಪಾಲಿಗೇ ಕತ್ತರಿ. ರೆಂಚು ಟಕ್ ಅನ್ನುತ್ತದೆ, ಹಿಡಿತ ಬಂದಿರೋದಿಲ್ಲ. ಒಳ್ಳೆ ರೆಂಚಿನ ತಪ್ಪು 4% ಒಳಗೇ ಇರುತ್ತದೆ, ಆದರೆ ಬರೀ ಟಾರ್ಕು ನೋಡಿ ಬಿಗಿದರೆ ಬೋಲ್ಟಿಂದ ಬೋಲ್ಟಿಗೆ ಎಳೆತ 25–30% ಆಚೆ ಈಚೆ ಆಗೋದು ಮಾಮೂಲಿ.

ಇದನ್ನು ಕಡಿಮೆ ಮಾಡೋಕೇ ಕೋನದ ಲೆಕ್ಕ ಬಂತು. ಈ ಎಂಜಿನ್ನಿನ ಸರ್ವೀಸ್ ಪುಸ್ತಕದಲ್ಲಿ ಹೆಡ್ ಬೋಲ್ಟಿಗೆ ಮೊದಲು 30 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಅಂತಿದೆ. ಬೋಲ್ಟು 10 ಮಿ.ಮೀ. ದಪ್ಪ, ಥ್ರೆಡ್ಡಿನ ಅಂತರ 1.5 ಮಿ.ಮೀ. ಅಂದರೆ ಅರ್ಧ ಸುತ್ತಿಗೆ 0.75 ಮಿ.ಮೀ. ಮುಂದೆ ಹೋಗುತ್ತದೆ. ತಲೆಯ ಮೇಲೆ 10.9 ಅಂತ ಗುರುತಿದೆ. ಮೊದಲ ಸಂಖ್ಯೆ ಅದು ಮುರಿಯೋ ಒತ್ತಡ ಹೇಳುತ್ತದೆ, 1000 ಮೆಗಾಪ್ಯಾಸ್ಕಲ್. ಎರಡನೇದು ಅದರಲ್ಲಿ ಎಷ್ಟು ಪಾಲಿಗೆ ಬೋಲ್ಟು ಶಾಶ್ವತವಾಗಿ ಹಿಗ್ಗೋಕೆ ಶುರುವಾಗುತ್ತದೆ ಅನ್ನೋದು, 90%. ಲೆಕ್ಕ ಹಾಕಿದರೆ ಇಂಥ ಒಂದು ಬೋಲ್ಟು ಆ ಹಂತದಲ್ಲಿ ಸುಮಾರು 52 ಕಿಲೋನ್ಯೂಟನ್ ಎಳೆಯುತ್ತದೆ, ಐದು ಟನ್ನಿನ ಭಾರದಷ್ಟು. ಹತ್ತು ಸೇರಿದರೆ ಐವತ್ತು ಟನ್ನು. ಹೋಲಿಸೋಕೆ, 60 ಬಾರ್ ಒತ್ತಡದಲ್ಲಿ ಒಂದು ಸಿಲಿಂಡರಿನ ಬೆಂಕಿ ಹೆಡ್ಡನ್ನು ಮೇಲಕ್ಕೆ ತಳ್ಳೋದು ಸುಮಾರು ಮೂರು ಟನ್ನಿನಷ್ಟು.

ಈ ಬೋಲ್ಟಿನಲ್ಲಿ ಹಿಗ್ಗೋ ಭಾಗ 110 ಮಿ.ಮೀ. ಇದೆ. ಅಷ್ಟು ಉದ್ದ ಸುಮಾರು 0.48 ಮಿ.ಮೀ. ಹಿಗ್ಗೋವರೆಗೆ ಸಡಿಲಿಸಿದರೆ ಹಳೇ ಅಳತೆಗೆ ಬರುತ್ತದೆ. ಅದನ್ನು ದಾಟಿದರೆ ದಾಟಿದಷ್ಟು ಉದ್ದ ಹಾಗೇ ಉಳಿದುಬಿಡುತ್ತದೆ. ಈ ಹೆಡ್ ಬೋಲ್ಟನ್ನು ಬೇಕಂತಲೇ ಆ ಗೆರೆ ದಾಟಿಸುತ್ತಾರೆ. ಯಾಕೆ ಅಂದರೆ ಗೆರೆ ದಾಟಿದ ಮೇಲೆ ಹತ್ತು ಡಿಗ್ರಿ ಹೆಚ್ಚು ತಿರುಗಿಸಿದರೂ ಎಳೆತ ಅಷ್ಟಾಗಿ ಏರೋದಿಲ್ಲ. ಹತ್ತೂ ಬೋಲ್ಟು ಹತ್ತಿರ ಹತ್ತಿರ ಒಂದೇ ಬಲದಲ್ಲಿ ಹಿಡಿಯುತ್ತವೆ. ಇನ್ನೊಂದು ಲಾಭ ಬಿಸಿಯಲ್ಲಿ. ಅಲ್ಯೂಮಿನಿಯಂ ಉಕ್ಕಿಗಿಂತ ಎರಡರಷ್ಟು ಹಿಗ್ಗುತ್ತದೆ. 100 ಮಿ.ಮೀ. ಎತ್ತರದ ಹೆಡ್ಡು 80 ಡಿಗ್ರಿ ಬಿಸಿಯಾದರೆ ಬೋಲ್ಟಿಗಿಂತ ಸುಮಾರು 0.09 ಮಿ.ಮೀ. ಹೆಚ್ಚೇ ಬೆಳೆಯುತ್ತದೆ. ಆ ಹೆಚ್ಚಿನ ಎಳೆತವನ್ನೂ ಬೋಲ್ಟು ನುಂಗಿಕೊಳ್ಳಬೇಕು.

ಗೆರೆ ದಾಟಿದ ಬೋಲ್ಟು ಮತ್ತೆ ಹಾಕಿದರೆ ಏನಾಗುತ್ತದೆ? ಬಹಳ ಜನ ಅಂದುಕೊಳ್ಳೋದು ಅದು ಹಳೇ ಚಡ್ಡಿಯ ಎಲಾಸ್ಟಿಕ್ ತರ ಸಡಿಲಾಗಿಬಿಡುತ್ತದೆ, ಹಿಡಿಯೋದೇ ಇಲ್ಲ ಅಂತ. ಉಕ್ಕು ಹಾಗಲ್ಲ. ಎರಡನೇ ಸಲವೂ ಅದು ಹೆಚ್ಚುಕಡಿಮೆ ಅಷ್ಟೇ ಬಲದಲ್ಲಿ ಎಳೆಯುತ್ತದೆ. ಕಮ್ಮಿ ಆಗೋದು ಮುರಿಯೋ ಮುಂಚೆ ಇನ್ನೆಷ್ಟು ಹಿಗ್ಗಬಹುದು ಅನ್ನೋ ಉಳಿಕೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಮುಂದಿನದು ಅರ್ಥ ಆಗುತ್ತದೆ.

ಬಿಚ್ಚುವಾಗ ಸಿಕ್ಕಿದ್ದು

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಿಗಿಯೋ ಕ್ರಮದ ಉಲ್ಟಾ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿದೆವು. ಒಂದು ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು ತೂತು ಕೊರೆದು, ತೆಗೆದ ಬೋಲ್ಟನ್ನು ಅದರದೇ ಜಾಗಕ್ಕೆ ಚುಚ್ಚುತ್ತಾ ಹೋದೆವು. "ಹೇಗಿದ್ದರೂ ಬಿಸಾಡೋದು, ಡಬ್ಬಿಗೆ ಹಾಕಿ" ಅಂದುಕೊಂಡಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಬಿಸಾಡೋ ಬೋಲ್ಟು ಯಾವ ಜಾಗದಿಂದ ಬಂತು ಅನ್ನೋದು, ಅದರ ಉದ್ದದಷ್ಟೇ ಮುಖ್ಯ.

ಒಂಬತ್ತು ಬೋಲ್ಟು ಬಿಚ್ಚುವಾಗ ಜೋರಾಗಿ ಕಿರ್ ಅಂತ ಸದ್ದು ಮಾಡಿ ಬಿಟ್ಟುಕೊಂಡವು. ಸೋರುತ್ತಿದ್ದ ಹಿಂದಿನ ಮೂಲೆಯದು ಮಾತ್ರ ಸಲೀಸಾಗಿ ತಿರುಗಿತು.

ಪ್ಯಾಕಿನಿಂದ ತೆಗೆದ ಹೊಸ ಬೋಲ್ಟು ತಲೆಯ ಕೆಳಗಿನಿಂದ ತುದಿಯವರೆಗೆ 140.0 ಮಿ.ಮೀ. ಇತ್ತು. ಹಳೆಯವನ್ನು ತೊಳೆದು ಒರೆಸಿ ವರ್ನಿಯರ್ ಹಿಡಿದಾಗ, ಎಂಟು ಬೋಲ್ಟು 140.4 ಮಿ.ಮೀ. ಆಸುಪಾಸು. ನಡುವಿನ ಸಾಲಿನ ಒಂದು 140.6. ಮೂಲೆಯದು 140.2.

ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಗೊಂದಲ. ಸೋರಿದ ಮೂಲೆಯ ಬೋಲ್ಟೇ ಜಾಸ್ತಿ ಹಿಗ್ಗಿರಬೇಕಲ್ವಾ? ಇಲ್ಲಿ ಅದೇ ಎಲ್ಲಕ್ಕಿಂತ ಕಡಿಮೆ ಹಿಗ್ಗಿದೆ!

ಈ ಅಳತೆಗಳನ್ನು ಹೀಗೆ ಓದಬೇಕು. ಕಾರ್ಖಾನೆಯಲ್ಲಿ ಮೊದಲ ಸಲ ಬಿಗಿದಾಗ ಎಲ್ಲವೂ ಸುಮಾರು 0.2 ಮಿ.ಮೀ. ಶಾಶ್ವತವಾಗಿ ಹಿಗ್ಗಿವೆ. ಹಿಂದಿನ ರಿಪೇರಿಯಲ್ಲಿ ಅವನ್ನೇ ಮತ್ತೆ ಬಿಗಿದಾಗ ಎಂಟು ಬೋಲ್ಟು ಇನ್ನೊಂದು 0.2 ಹಿಗ್ಗಿವೆ. ನಡುವಿನದು ಹೆಚ್ಚು ಹಿಗ್ಗಿದೆ. ಮೂಲೆಯದು ಎರಡನೇ ಸಲ ಹಿಗ್ಗಿಯೇ ಇಲ್ಲ. ಅಂದರೆ ಎರಡನೇ ಸಲ ಅದಕ್ಕೆ ಸರಿಯಾದ ಎಳೆತವೇ ಬಂದಿರಲಿಲ್ಲ.

ಅದೊಂದನ್ನು ಮಾತ್ರ ಆಮೇಲೆ ಬೇರೆ ಕಡೆಯಿಂದ ತಂದು ಹಾಕಿರಬಹುದು ಅಲ್ವಾ ಅನ್ನೋ ಅನುಮಾನ ನಮಗೂ ಬಂತು. ತಲೆಯ ಮೇಲಿನ ಗುರುತು ಉಳಿದವುಗಳದ್ದೇ. ಬಿಸಿಗೆ ಬಂದ ಕಂದು ಬಣ್ಣವೂ ಅದೇ. ವಾಷರ್ ತಾಗೋ ಮುಖವನ್ನು ಬೆಳಕಿಗೆ ಹಿಡಿದಾಗ ಮಾತ್ರ ವ್ಯತ್ಯಾಸ. ಉಳಿದ ಬೋಲ್ಟುಗಳಲ್ಲಿ ಅಲ್ಲಿ ಸುತ್ತಲೂ ಉಜ್ಜಿದ ಹೊಳಪಿನ ಬಳೆ ಇತ್ತು. ಇದರಲ್ಲಿ ಆ ಬಳೆ ಮಸುಕು. ಕೊನೆಯ ನಾಲ್ಕೈದು ಥ್ರೆಡ್ಡಿನಲ್ಲಿ ಕಪ್ಪು ಪೇಸ್ಟು ಒತ್ತಿ ಕೂತಿತ್ತು. ಉಗುರಿನಿಂದ ಕೆರೆದರೆ ಬಂತು. ಎಣ್ಣೆ, ಹಳೇ ಗ್ಯಾಸ್ಕೆಟ್ಟಿನ ಚೂರು, ಕೂಲೆಂಟಿನ ಪುಡಿ.

ಆಮೇಲೆ ಬ್ಲಾಕಿನ ತೂತು. ಈ ಎಂಜಿನ್ನಿನಲ್ಲಿ ತೂತುಗಳು ತಳ ಮುಚ್ಚಿದವು. ಒಂದು ತೆಳು ಕಡ್ಡಿ ಇಳಿಸಿ ಆಳ ನೋಡಿದರೆ ಒಂಬತ್ತು ಒಂದೇ ಆಳ. ಮೂಲೆಯದು ನಾಲ್ಕು ಮಿ.ಮೀ. ಕಡಿಮೆ. ತಳದಲ್ಲಿ ಅದೇ ಕಪ್ಪು ಹೂಳು ಗಟ್ಟಿಯಾಗಿ ಕೂತಿತ್ತು. ಗ್ಯಾಸ್ಕೆಟ್ ಮುಖ ಕೆರೆಯುವಾಗ ಕಸ ಇಳಿಯೋದು, ಬ್ಲಾಕು ವಾಲಿದ್ದರೆ ಎಣ್ಣೆ ಕೂಲೆಂಟು ಹರಿದು ಆ ಕಡೆಯ ತೂತಿಗೇ ಸೇರೋದು, ಹೊಸದೇನಲ್ಲ.

ಈಗ ನಡೆದದ್ದು ಸ್ಪಷ್ಟ. ಹಿಂದಿನ ಸಲ ಬಿಗಿಯುವಾಗ ಮೂಲೆಯ ಬೋಲ್ಟು ಹೂಳಿಗೆ ತಾಗಿ ನಿಂತಿದೆ. ರೆಂಚು 30 ನ್ಯೂಟನ್ ಮೀಟರ್ ತೋರಿಸಿದೆ. ಅದು ಹೂಳನ್ನು ಒತ್ತಿದ ಬಲ, ಹೆಡ್ಡನ್ನು ಹಿಡಿದ ಬಲ ಅಲ್ಲ. ಆಮೇಲಿನ 180 ಡಿಗ್ರಿಯಲ್ಲಿ ಸಿಗಬೇಕಾದ 0.75 ಮಿ.ಮೀ.ನಲ್ಲಿ ಒಂದಷ್ಟು ಹೂಳು ಒತ್ತೋಕೆ, ತಲೆ ಸರಿಯಾಗಿ ಕೂರೋಕೆ ಖರ್ಚಾಗಿದೆ. ಕೋನ ಸರಿ, ಟಾರ್ಕು ಸರಿ, ಕ್ರಮವೂ ಸರಿ ಇದ್ದಿರಬಹುದು. ಹಿಡಿತ ಮಾತ್ರ ಅರೆಬರೆ. ತೆಗೆದ ಗ್ಯಾಸ್ಕೆಟ್ಟೂ ಇದನ್ನೇ ಹೇಳಿತು. ಬೇರೆಲ್ಲ ಕಡೆ ಆಳವಾಗಿ ಒತ್ತಿದ ಗುರುತು, ಆ ಮೂಲೆಯಲ್ಲಿ ಬೆರಳಿಗೆ ಸಿಗದಷ್ಟು ತೆಳು.

ನಡುವಿನ 140.6ರ ಬೋಲ್ಟಿನ ಕಥೆ ಉಲ್ಟಾ. ಥ್ರೆಡ್ಡು ಶುರುವಾಗೋ ಜಾಗದ ಮೇಲೆ ಮೈಕ್ರೋಮೀಟರಿನಲ್ಲಿ ನೋಡಿದರೆ ಬೋಲ್ಟಿನ ಸೊಂಟ ಸಣ್ಣಗಾಗಿತ್ತು, ಸುಮಾರು 0.2 ಮಿ.ಮೀ. ಕಣ್ಣಿಗೆ ಕಾಣೋದಿಲ್ಲ. ನೆಟ್ಟಗಿನ ಪಟ್ಟಿ ಪಕ್ಕಕ್ಕಿಟ್ಟು ಬೆಳಕಿಗೆ ಹಿಡಿದರೆ ಕೂದಲಷ್ಟು ಸಂದು ಕಾಣುತ್ತದೆ. ಹಿಗ್ಗೋದು ಉದ್ದಕ್ಕೂ ಹಂಚಿಹೋಗದೆ ಒಂದೇ ಜಾಗಕ್ಕೆ ಸೇರಿಕೊಂಡಿತ್ತು. ಮುರಿಯೋ ಮುಂಚಿನ ಲಕ್ಷಣ ಇದು. ಆದರೂ ಆ ಜಾಗದಲ್ಲಿ ಗ್ಯಾಸ್ಕೆಟ್ಟು ಒಂದು ತೊಟ್ಟೂ ಸೋರಿರಲಿಲ್ಲ.

ಹಾಗಾದರೆ ಹಳೇ ಬೋಲ್ಟಿನ ತಪ್ಪಿಲ್ಲವಾ?

ಮಾಲೀಕರು ಕೇಳಿದ ಮುಂದಿನ ಪ್ರಶ್ನೆ ಇದೇ. ತಪ್ಪಿದೆ, ಆದರೆ ಈ ಸೋರಿಕೆಗೆ ಅದು ಕಾರಣ ಅಲ್ಲ. ಹಿಂದಿನವರು ಹತ್ತೂ ಹೊಸ ಬೋಲ್ಟು ಹಾಕಿ, ತೂತು ಹಾಗೇ ಬಿಟ್ಟಿದ್ದರೂ ಈ ಮೂಲೆ ಸೋರುತ್ತಿತ್ತು. ಅದೇ ಈ ಸಲ ತೂತು ಚೆನ್ನಾಗಿ ತೊಳೆದು ಹಳೇ ಬೋಲ್ಟನ್ನೇ ಮೂರನೇ ಸಲ ಬಿಗಿದಿದ್ದರೆ, ಮೂಲೆ ಸರಿಹೋಗುತ್ತಿತ್ತು, ನಡುವಿನ ಬೋಲ್ಟು ಎರಡನೇ 90 ಡಿಗ್ರಿಯಲ್ಲೇ ಕೈಗೆ ಬರೋ ಅಪಾಯ ಇತ್ತು. ಮುರಿದ ತುಂಡು ಬ್ಲಾಕಿನೊಳಗೆ. ಅದನ್ನು ತೆಗೆಯೋ ಕೆಲಸ ಮಾಡಿದವರಿಗೇ ಗೊತ್ತು.

ಪುಸ್ತಕದಲ್ಲಂತೂ ಈ ಹೆಡ್ ಬೋಲ್ಟು ಪ್ರತಿ ಸಲ ಹೊಸದು ಅಂತ ಸ್ಪಷ್ಟವಾಗಿದೆ. ಚರ್ಚೆಯೇ ಬೇಡ, ಹತ್ತೂ ಹೊಸದು. ಎಲ್ಲಾ ಎಂಜಿನ್ನಿಗೂ ಇದೇ ಮಾತಲ್ಲ. ಕೆಲವು ಕಂಪನಿಗಳು ಇಷ್ಟು ಉದ್ದ ದಾಟಿದ್ದರೆ ಮಾತ್ರ ಬಿಸಾಡಿ ಅನ್ನುತ್ತವೆ. ಕೆಲವು ಸೊಂಟದ ಕನಿಷ್ಠ ದಪ್ಪ ಕೊಡುತ್ತವೆ. ಹಳೇ ಕಾಲದ ದಪ್ಪ ಬೋಲ್ಟಿನ, ಬರೀ ಟಾರ್ಕಿನ ಎಂಜಿನ್ನಾದರೆ ತೊಳೆದು ಮತ್ತೆ ಹಾಕಬಹುದು, ಅವು ಗೆರೆ ದಾಟಿರೋದೇ ಇಲ್ಲ. ರೋವರ್ ಕಂಪನಿಯ ಕೆ ಸೀರೀಸ್ ಎಂಜಿನ್ ನೋಡಿ, ಹೆಡ್ಡಿನಿಂದ ಬ್ಲಾಕು ದಾಟಿ ಕೆಳಗಿನ ಬೇರಿಂಗ್ ಚೌಕಟ್ಟಿನವರೆಗೆ ಒಂದೇ ಉದ್ದ ಬೋಲ್ಟು. 20 ನ್ಯೂಟನ್ ಮೀಟರ್, ಆಮೇಲೆ 180 ಡಿಗ್ರಿ, ಮತ್ತೆ 180. ಅಷ್ಟುದ್ದ ಇದ್ದರೆ ಅಷ್ಟು ತಿರುಗಿಸಬಹುದು. ಹಾಗಾಗಿ ಒಂದು ಎಂಜಿನ್ನಿನ ಅಭ್ಯಾಸವನ್ನು ಇನ್ನೊಂದಕ್ಕೆ ಹಚ್ಚಬಾರದು.

ಉಳಿದ ಬೋಲ್ಟುಗಳು

"ಒಂದೂ ಬಿಡದೆ ಹೊಸದು" ಅನ್ನೋದನ್ನು ನಾವು ಒಪ್ಪಲಿಲ್ಲ. ಸುಮ್ನೆ ಖರ್ಚು ಅಂತಲ್ಲ. ಸಿಕ್ಕಿದ ಹೊಸ ಬೋಲ್ಟು ಒಳ್ಳೆ ಹಳೇ ಬೋಲ್ಟಿಗಿಂತ ಕೆಟ್ಟದಿರಬಹುದು. 10.9 ಇದ್ದ ಜಾಗಕ್ಕೆ ಅಂಗಡಿಯ 8.8 ಬಂದು ಕೂತರೆ ಹೊಸದಾಗಿದ್ದೂ ಏನು ಪ್ರಯೋಜನ? 12.9 ಹಾಕಿಬಿಟ್ಟರೆ ಇನ್ನೂ ಗಟ್ಟಿ ಅನ್ನೋದೂ ಸರಿಯಲ್ಲ. ಅದು ಹಿಗ್ಗೋದು ಕಡಿಮೆ, ಪುಸ್ತಕದ ಕೋನ ಅದಕ್ಕಾಗಿ ಬರೆದದ್ದಲ್ಲ.

ಹೆಚ್ಚು ಯೋಚನೆ ಮಾಡಿಸಿದ್ದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸೋ ಕನೆಕ್ಟಿಂಗ್ ರಾಡಿನ ಎಂಟು ಬೋಲ್ಟು. ಪುಸ್ತಕ ಕನಿಷ್ಠ ದಪ್ಪ ಕೊಟ್ಟಿದೆ, ಎಂಟೂ ಅದಕ್ಕಿಂತ ಮೇಲಿದ್ದವು. ಅಳತೆ ಪ್ರಕಾರ ಪಾಸು. ಆದರೂ ಹೊಸದು ಹಾಕಿದೆವು. ಕಾರಣ ಹೇಳುತ್ತೇನೆ.

ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಪಿಸ್ಟನ್ನು ಮೇಲಕ್ಕೆ ಬಂದು ತಟ್ಟನೆ ನಿಂತು ಕೆಳಗೆ ತಿರುಗಬೇಕು. 80 ಮಿ.ಮೀ. ಸ್ಟ್ರೋಕಿಗೆ ಆ ಕ್ಷಣದ ಎಳೆತ ಗುರುತ್ವದ ಸುಮಾರು 2000 ಪಟ್ಟು. ಪಿಸ್ಟನ್ನು, ಪಿನ್ನು, ರಾಡಿನ ಮೇಲ್ಭಾಗ ಸೇರಿ ಅರ್ಧ ಕಿಲೋ ಹತ್ತಿರ ಇದ್ದರೂ ಹತ್ತು ಕಿಲೋನ್ಯೂಟನ್ ಆಗುತ್ತದೆ. ಎರಡು ಬೋಲ್ಟಿಗೆ ಹಂಚಿದರೆ ತಲಾ ಐದು. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಮೇಲಿನಿಂದ ತಳ್ಳೋ ಗ್ಯಾಸಿನ ಒತ್ತಡವೂ ಇರೋದಿಲ್ಲ, ಹೊರೆ ಪೂರ್ತಿ ಈ ಬೋಲ್ಟುಗಳು ಹಿಡಿದಿರೋ ರಾಡಿನ ಕ್ಯಾಪಿಗೆ. ಸೆಕೆಂಡಿಗೆ 50 ಸಲ. 8 ಮಿ.ಮೀ.ನ 10.9 ಬೋಲ್ಟು ಸರಿಯಾಗಿ ಬಿಗಿದಿದ್ದರೆ 30 ಕಿಲೋನ್ಯೂಟನ್ ಹತ್ತಿರ ಹಿಡಿದಿರುತ್ತದೆ. ಆಗ ಈ ಐದರ ಏರಿಳಿತದಲ್ಲಿ ಬೋಲ್ಟಿಗೆ ತಾಗೋದು ಚೂರೇ ಚೂರು, ಉಳಿದದ್ದು ಒತ್ತಿ ಹಿಡಿದ ಕ್ಯಾಪು ರಾಡುಗಳೇ ತಡೆದುಕೊಳ್ಳುತ್ತವೆ. ಬಿಗಿ ಹೋದರೆ ಪೂರ್ತಿ ಏರಿಳಿತ ಬೋಲ್ಟಿನ ಮೇಲೆ. ಬಳಲಿ ಬಿರುಕು ಬಿಟ್ಟು ಮುರಿಯುತ್ತದೆ. ಹೆಡ್ ಬೋಲ್ಟು ಸೋತರೆ ಕೂಲೆಂಟ್ ಸೋರುತ್ತದೆ. ರಾಡ್ ಬೋಲ್ಟು ಸೋತರೆ ರಾಡು ಬ್ಲಾಕಿನ ಗೋಡೆ ಒಡೆದು ಹೊರಗೆ ಬರುತ್ತದೆ.

ಜೊತೆಗೆ ಈ ಎಂಜಿನ್ನಿನಲ್ಲಿ ಬೇರಿಂಗ್ ಸದ್ದು ಇತ್ತು. ಸವೆದ ಬೇರಿಂಗಿನ ಬಡಿತವನ್ನು ಆ ಬೋಲ್ಟುಗಳು ಎಷ್ಟು ದಿನ ತಿಂದಿವೆಯೋ, ವರ್ನಿಯರ್ರಿಗೆ ಅದು ಕಾಣೋದಿಲ್ಲ. ದಪ್ಪದ ಅಳತೆ ಹಿಗ್ಗಿದ್ದನ್ನು ಹೇಳುತ್ತದೆ, ಬಳಲಿಕೆಯನ್ನು ಹೇಳೋದಿಲ್ಲ. ಇಲ್ಲಿ ಬೋಲ್ಟು ನೇರವಾಗಿ ರಾಡಿಗೇ ತಿರುಗಿ ಕೂರುವ ಮಾದರಿ, ಬದಲಿಸೋದು ಸಲೀಸು. ರಾಡಿಗೆ ಪ್ರೆಸ್ ಮಾಡಿ ಕೂರಿಸಿದ ಬೋಲ್ಟಾದರೆ ಬದಲಿಸಿದ ಮೇಲೆ ದೊಡ್ಡ ತೂತಿನ ದುಂಡಗಿನ ಅಳತೆ ಮತ್ತೆ ನೋಡಬೇಕು, ಬೇಕಾದರೆ ಹೋನ್ ಮಾಡಿಸಬೇಕು, ಅಂದರೆ ಉಜ್ಜಿಸಿ ಅಳತೆಗೆ ತರಬೇಕು. ಅದನ್ನು ಮರೆತು ಹೊಸ ಬೋಲ್ಟು ಹಾಕಿ ಬೇರಿಂಗ್ ಕೆಡಿಸಿಕೊಂಡವರಿದ್ದಾರೆ.

ಮೇನ್ ಬೇರಿಂಗ್ ಕ್ಯಾಪಿನ ಬೋಲ್ಟುಗಳು ಬರೀ ಟಾರ್ಕಿನವು, ಪುಸ್ತಕ ಮರುಬಳಕೆಗೆ ಒಪ್ಪಿದೆ. ಉದ್ದ ಎಲ್ಲಾ ಒಂದೇ, ಥ್ರೆಡ್ಡು ನೋಡೋಕೆ ಹಾಕಿದ ನಟ್ಟು ಕೈಯಲ್ಲೇ ಕೊನೆಯವರೆಗೆ ಓಡಿತು. ತೊಳೆದು ಅವನ್ನೇ ಹಾಕಿದೆವು. ಒಂದರಲ್ಲಿ ಮಾತ್ರ ಮೈಮೇಲೆ ತುಕ್ಕಿನ ಗುಳಿ ಇತ್ತು. ಉದ್ದ ಸರಿಯಿದ್ದರೂ ಅದು ಹೊರಗೆ. ಗುಳಿಯಿಂದಲೇ ಬಿರುಕು ಶುರುವಾಗೋದು.

ಫ್ಲೈವೀಲ್ ಬೋಲ್ಟು, ಕ್ರ್ಯಾಂಕ್ ಪುಲ್ಲಿಯ ದೊಡ್ಡ ಬೋಲ್ಟು ಎರಡೂ ಕೋನದವು, ಹೊಸದು. ಫ್ಲೈವೀಲಿನದಕ್ಕೆ ಥ್ರೆಡ್ಡಿಗೆ ಅಂಟು ಹಚ್ಚಿಯೇ ಬಂದಿರುತ್ತದೆ, ಒಂದು ಸಲಕ್ಕೆ ಮಾತ್ರ. ತನ್ನಷ್ಟಕ್ಕೆ ಲಾಕ್ ಆಗೋ ನಟ್ಟುಗಳೂ ಅಷ್ಟೇ. ಕ್ಯಾಮ್ ಕ್ಯಾಪಿನ 6 ಮಿ.ಮೀ. ಬೋಲ್ಟು ಹಳೇವೇ. ಅಲ್ಲಿ ಸೋಲೋದು ಬೋಲ್ಟಲ್ಲ, ಅಲ್ಯೂಮಿನಿಯಂ ಥ್ರೆಡ್ಡು. ಒಂದು ಕಡೆ ಥ್ರೆಡ್ಡು ಕಿತ್ತಿತ್ತು, ಹೆಲಿಕಾಯಿಲ್ (ಹೊಸ ಥ್ರೆಡ್ಡಾಗೋ ತಂತಿಯ ಸುರುಳಿ) ಕೂರಿಸಿದೆವು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ಡುಗಳು ಬಿಸಿಗೆ ತಿಂದುಹೋಗಿದ್ದವು, ಎಲ್ಲಾ ಬದಲು. ಕೆಳಗಿನ ಎಣ್ಣೆ ಚೇಂಬರಿನ, ಟೈಮಿಂಗ್ ಕವರಿನ ಬೋಲ್ಟುಗಳನ್ನು ತೊಳೆದು ಹಾಕಿದೆವು.

ಕೂರಿಸಿದ್ದು

ಹೂಳಿದ್ದ ತೂತಿಗೆ ಹೊಸದಾಗಿ ಥ್ರೆಡ್ ಕೊರೆಯೋ ಟ್ಯಾಪ್ ಹಾಕಲಿಲ್ಲ. ಅದು ಕಸದ ಜೊತೆ ಒಳ್ಳೆ ಲೋಹವನ್ನೂ ಕತ್ತರಿಸುತ್ತದೆ, ಥ್ರೆಡ್ಡು ಸಡಿಲಾಗುತ್ತದೆ. ತೆಗೆದ ಹಳೇ ಹೆಡ್ ಬೋಲ್ಟಿನಲ್ಲೇ ಒಂದಕ್ಕೆ ಥ್ರೆಡ್ಡಿನ ಉದ್ದಕ್ಕೆ ಮೂರು ಗೀರು ಕೊಯ್ದು, ಚೂಪಾದ ಅಂಚು ಉಜ್ಜಿ, ಅದನ್ನೇ ಕೈಯಲ್ಲಿ ಇಳಿಸಿ ಎತ್ತಿದೆವು. ಕಸ ಗೀರಿನಲ್ಲಿ ತುಂಬಿಕೊಂಡು ಮೇಲೆ ಬರುತ್ತದೆ. ಆಮೇಲೆ ಕ್ಲೀನರ್ ಸ್ಪ್ರೇ, ಬಟ್ಟೆ ಅಡ್ಡ ಹಿಡಿದು ಗಾಳಿ. ಕಣ್ಣಿಗೆ ಕನ್ನಡಕ ಇರಲೇಬೇಕು, ತೂತಿನಿಂದ ಬರೋದು ನೇರ ಮುಖಕ್ಕೇ. ಹತ್ತೂ ತೂತಿನ ಆಳ ಸಮ ಆಯಿತು. ತೂತಿನಲ್ಲಿ ಎಣ್ಣೆ ನಿಂತಿದ್ದರೆ ಅದು ಇನ್ನೂ ಕೆಟ್ಟದ್ದು. ಎಣ್ಣೆ ಕುಗ್ಗೋದಿಲ್ಲ, ಬೋಲ್ಟು ಒತ್ತಿದರೆ ಬ್ಲಾಕೇ ಸೀಳಬಹುದು. ಅದಕ್ಕೇ ಮೂಲೆಯ ತೂತಿನ ಸುತ್ತ ಬಿರುಕು ತೋರಿಸೋ ಬಣ್ಣ ಹಾಕಿ ನೋಡಿದೆವು. ಬಿರುಕಿರಲಿಲ್ಲ.

ಹೆಡ್ಡಿನ ಮುಖ ಆ ಮೂಲೆಯಲ್ಲಿ 0.06 ಮಿ.ಮೀ. ಸೊಟ್ಟಗಿತ್ತು. ಪುಸ್ತಕದ ಮಿತಿ 0.05. ಮಷೀನಿನಲ್ಲಿ ತೆಳುವಾಗಿ ಒಂದು ಪದರ ತೆಗೆಸಿದೆವು.

ಹೊಸ ಬೋಲ್ಟಿನ ಥ್ರೆಡ್ಡಿಗೂ, ತಲೆ ಕೂರೋ ಮುಖಕ್ಕೂ ಪುಸ್ತಕ ಹೇಳಿದ ಹಾಗೆ ಎಂಜಿನ್ ಎಣ್ಣೆ, ತೆಳುವಾಗಿ. ಅದ್ದಿ ತೆಗೆಯೋದಲ್ಲ. ಒಣಗಿದ ಬೋಲ್ಟಿಗೆ ಬರೆದ ಟಾರ್ಕನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಕಿದರೆ ಎಳೆತ ಸುಮಾರು ಮೂರನೇ ಒಂದು ಪಾಲು ಜಾಸ್ತಿಯಾಗುತ್ತದೆ. ಉಲ್ಟಾ ಮಾಡಿದರೆ ಸುಮಾರು ಕಾಲು ಪಾಲು ಕಡಿಮೆ. ಪುಸ್ತಕ ಎಣ್ಣೆ ಅಂದರೆ ಎಣ್ಣೆ, ಒಣ ಅಂದರೆ ಒಣ.

ಪ್ರತಿ ಬೋಲ್ಟನ್ನೂ ಮೊದಲು ಬೆರಳಲ್ಲೇ ತಲೆ ತಾಗೋವರೆಗೆ ತಿರುಗಿಸಿದೆವು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ ನೋಡಬೇಕು, ರೆಂಚು ಕೈಗೆ ಬಂದ ಮೇಲೆ ಆ ತಡೆ ಗೊತ್ತೇ ಆಗೋದಿಲ್ಲ. ನಡುವಿನಿಂದ ಹೊರಗೆ, ಪುಸ್ತಕದ ಕ್ರಮದಲ್ಲಿ 30 ನ್ಯೂಟನ್ ಮೀಟರ್. ಮತ್ತೆ ಅದೇ ಕ್ರಮದಲ್ಲಿ ಇನ್ನೊಂದು ಸುತ್ತು ಅದೇ 30, ಯಾಕೆಂದರೆ ಗ್ಯಾಸ್ಕೆಟ್ಟು ಕೂತಾಗ ಮೊದಲು ಬಿಗಿದವು ಸಡಿಲಾಗಿರುತ್ತವೆ. ತಲೆಗಳ ಮೇಲೆ ಬಿಳಿ ಬಣ್ಣದ ಚುಕ್ಕೆ ಎಲ್ಲವೂ ಒಂದೇ ದಿಕ್ಕಿಗೆ. ಆಮೇಲೆ ಕೋನದ ಗೇಜು ಹಾಕಿ 90, ಮತ್ತೆ 90. ಕೊನೆಯ 90ರಲ್ಲಿ ಕೈಗೆ ಒಂದು ವಿಷಯ ಗೊತ್ತಾಗುತ್ತದೆ. ಬಿಗಿ ಏರುತ್ತಾ ಏರುತ್ತಾ ಹೋಗಿ ಒಂದು ಹಂತದಲ್ಲಿ ಏರೋದು ನಿಲ್ಲುತ್ತದೆ, ಬೋಲ್ಟು ಒಂದೇ ಹದದಲ್ಲಿ ತಿರುಗುತ್ತದೆ. ಹತ್ತರಲ್ಲೂ ಆ ಹದ ಬಂತು, ಮೂಲೆಯದ್ದೂ ಸೇರಿ.

ಓಡಿಸಿ, ಬಿಸಿ ಮಾಡಿ, ರಾತ್ರಿಯಿಡೀ ತಣ್ಣಗಾಗೋಕೆ ಬಿಟ್ಟು ಕೂಲೆಂಟ್ ಮಟ್ಟ ನೋಡಿದೆವು. ಇಳಿದಿರಲಿಲ್ಲ. ಒತ್ತಡದ ಪಂಪು ಹಾಕಿ ನೋಡಿದಾಗಲೂ ಮುಳ್ಳು ನಿಂತಲ್ಲೇ ನಿಂತಿತು. ಹೆಡ್ ಬೋಲ್ಟನ್ನು ಮತ್ತೆ ಬಿಗಿಯಲಿಲ್ಲ, ಈ ಮಾದರಿಯಲ್ಲಿ ಬಿಸಿಯಾದ ಮೇಲೆ ಮತ್ತೆ ಬಿಗಿಯೋ ಕೆಲಸವೇ ಇಲ್ಲ.

ಬಿಲ್ಲಿನ ಹಿಂದೆ ಕೆಲವು ಸಾಲು ಬರೆದುಕೊಟ್ಟೆವು. ಹೆಡ್, ರಾಡ್, ಫ್ಲೈವೀಲ್, ಪುಲ್ಲಿ ಬೋಲ್ಟುಗಳು ಹೊಸದು, ಒಂದು ಸಲ ಬಿಗಿದದ್ದು. ಮೇನ್ ಕ್ಯಾಪಿನವು ಹಳೇವು, ಒಂದನ್ನು ಬಿಟ್ಟು. ಹಿಂದಿನ ಮೂಲೆಯ ಹೆಡ್ ಬೋಲ್ಟಿನ ತೂತಿನಲ್ಲಿ ಹೂಳು ಸಿಕ್ಕಿತ್ತು, ಮುಂದೆ ಬಿಚ್ಚುವವರು ಮೊದಲು ಅದರ ಆಳ ನೋಡಿ. ಮಾಲೀಕರು ಅದನ್ನು ಓದಿ, ಸೊಂಟ ಸಣ್ಣಗಾದ ಬೋಲ್ಟನ್ನು ತಮಗೇ ಕೊಡಿ ಅಂತ ಕೇಳಿ ತೆಗೆದುಕೊಂಡು ಹೋದರು.